ಊಟದ ಮೇಜಿನ ನ್ಯಾಯಾಲಯ

ಉಡುಪಿಯ ಕೋರ್ಟಿನಲ್ಲಿ ನಾನು ವಾದ ಮಾಡುತ್ತಿದ್ದ ಕಾಲದಲ್ಲಿ, ಕೇಸು ಯಾವ ಹಂತಕ್ಕೆ ಬಂದಿದೆ ಎಂದು ಹೊರಗಿನ ಚಾ ಅಂಗಡಿಯವನಿಗೂ ಗೊತ್ತಾಗುತ್ತಿತ್ತು. ಅಂಥ ಗಂಟಲು ನನ್ನದು. ಒಮ್ಮೆ ನ್ಯಾಯಾಧೀಶರೊಬ್ಬರು, "ಮೇಡಂ, ನನ್ನ ಕಿವಿ ಸರಿಯಾಗಿಯೇ ಇದೆ" ಎಂದಿದ್ದರು. ನಾನು ದನಿ ತಗ್ಗಿಸಲಿಲ್ಲ. ಅವರ ಕಿವಿ ಸರಿಯಿರಬಹುದು, ಎದುರು ಪಾರ್ಟಿಯ ವಕೀಲರ ಕಿವಿಯ ಬಗ್ಗೆ ನನಗೆ ಭರವಸೆ ಇರಲಿಲ್ಲ.

ಆ ಗಂಟಲನ್ನು ಹೊತ್ತುಕೊಂಡೇ ದುಬೈಗೆ ಬಂದೆ. ನನ್ನವರಿಗೆ ಮೊದಲಿನಿಂದಲೂ ಇಲ್ಲಿಯೇ ಕೆಲಸ, ಒಂದು ಕಂಪನಿಯ ಆಡಳಿತ ವಿಭಾಗದಲ್ಲಿ. ಅವರು ಇಲ್ಲಿ, ನಾನು ಅಲ್ಲಿ ಎಂದು ಬಹಳ ವರ್ಷ ಕಳೆದ ಮೇಲೆ, ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದೇ ಗಂಟುಮೂಟೆ ಕಟ್ಟಿದೆ. ಅಲ್ ಮುರಕ್ಕಬಾತ್‌ನಲ್ಲಿ ಫ್ಲ್ಯಾಟು, ನಡೆದು ಹೋಗುವಷ್ಟು ಹತ್ತಿರದಲ್ಲಿ ವಕೀಲರ ಆಫೀಸೊಂದರಲ್ಲಿ ಕೆಲಸ. ಆದರೆ ವಕೀಲಳಾಗಿ ಅಲ್ಲ, ಕಾನೂನು ಸಲಹೆಗಾರ್ತಿಯಾಗಿ. ಇಲ್ಲಿಯ ಕೋರ್ಟಿನಲ್ಲಿ ವಾದ ಮಾಡುವವರು ಇಲ್ಲಿಯವರೇ, ಅದೂ ಅರಬ್ಬಿಯಲ್ಲಿ. ನಾನು ಇಂಗ್ಲಿಷಿನಲ್ಲಿ ಕರಡು ಬರೆಯಬೇಕು, ಅನುವಾದಕ ಅದನ್ನು ಅರಬ್ಬಿಗೆ ತರಬೇಕು, ಇನ್ನೊಬ್ಬರು ಅದನ್ನು ಸಲ್ಲಿಸಬೇಕು. ಕಪ್ಪು ಕೋಟು ಹಾಕಿ ಕೂಗಾಡಿದ ಹೆಂಗಸಿನ ಬಾಯಿಗೆ ಬೀಗ ಬಿತ್ತು. ಒಳಗೇ ಉಳಿದ ವಾದವೆಲ್ಲ ಮನೆಯಲ್ಲಿ ಹೊರಗೆ ಬರತೊಡಗಿತು. ಸಾರಿಗೆ ಉಪ್ಪು ಕಡಿಮೆ ಎಂದರೆ ಸಾಕು, ನನ್ನವರು ಪ್ರತಿವಾದಿ.

"ನಿಂಗೆ ಪಾಠ ಮಾಡ್ಲಿಕ್ಕೆ ನಾಲ್ಕು ಜನ ಶಿಷ್ಯರು ಬೇಕು ಮಾರಾಯ್ತಿ. ಇಲ್ಲದಿದ್ರೆ ನಾನು ಉಳಿಯುದಿಲ್ಲ" ಎಂದರು ಅವರು ಒಂದು ದಿನ, ಕೈ ಮುಗಿದು.

ತಮಾಷೆಗೆ ಅಂದದ್ದು ನನ್ನ ತಲೆಗೆ ಹತ್ತಿತು. ಅದಕ್ಕೊಂದು ಕಾರಣವಿತ್ತು. ಕಾನೂನು ಕಾಲೇಜಿನಲ್ಲಿ ಓದುವಾಗ ಅಮೆರಿಕದ ಹಳೆಯ ಕಾಲದ ವಕೀಲನೊಬ್ಬನ ಬದುಕು ನನ್ನನ್ನು ಹಿಡಿದುಬಿಟ್ಟಿತ್ತು. ಅವರ ದೇಶವೇ ಆಗ ಹೊಸದು. ವಕೀಲನಾಗಬೇಕು ಅನ್ನುವವನು ಯಾರಾದರೂ ಹಿರಿಯ ವಕೀಲನ ಆಫೀಸಿನಲ್ಲಿ ಕಾಗದಪತ್ರ ನಕಲು ಮಾಡುತ್ತ ಕೂರಬೇಕಿತ್ತು. ಕಲಿಸುವ ಪುರುಸೊತ್ತು ಆ ಹಿರಿಯನಿಗೆ ಇದ್ದರೆ ಇವನ ಪುಣ್ಯ. ಈ ಮನುಷ್ಯ ಮಾತ್ರ ಒಂದು ಸಣ್ಣ ಊರಿನಲ್ಲಿ, ತನ್ನ ಮನೆಯಲ್ಲಿಯೇ, ಕ್ರಮವಾಗಿ ಪಾಠ ಹೇಳಲು ಶುರುಮಾಡಿದ. ಮೊದಲ ಶಿಷ್ಯ ಹೆಂಡತಿಯ ತಮ್ಮನೇ ಅಂತೆ. ಜನ ಹೆಚ್ಚಾಗಿ ಮನೆ ಸಾಲದಾದಾಗ ಪಕ್ಕದಲ್ಲಿ ಒಂದೇ ಕೋಣೆಯ ಕಟ್ಟಡ ಎಬ್ಬಿಸಿದ. ಹೇಳಿದ್ದನ್ನು ಹುಡುಗರು ಬರೆದುಕೊಳ್ಳಬೇಕು, ಆಗಾಗ ಅಣಕು ನ್ಯಾಯಾಲಯ ನಡೆಸಿ ವಾದ ಮಾಡಬೇಕು. ಗುಲಾಮಳಾಗಿದ್ದ ಒಬ್ಬ ಹೆಂಗಸು ತನ್ನ ಬಿಡುಗಡೆ ಕೇಳಿ ಕೋರ್ಟಿಗೆ ಹೋದಾಗ ಅವಳ ಪರ ನಿಂತವರಲ್ಲಿ ಇವನೂ ಒಬ್ಬ. ಅವಳು ಗೆದ್ದಳು. ಹಾಗೆಂದು ದೇವರೇನಲ್ಲ ಆಸಾಮಿ. ಅವನ ಪಾಠಕ್ಕೆ ಗಂಡಸರಿಗೆ ಮಾತ್ರ ಪ್ರವೇಶ. ಅದೊಂದಕ್ಕೆ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಅವನ ಮನೆಯಲ್ಲಿ ಆಗುವುದಾದರೆ ನಮ್ಮ ಮನೆಯಲ್ಲಿ ಯಾಕಾಗಬಾರದು? ಶನಿವಾರ ಸಂಜೆ ಪರಿಚಯದವರು ಚಾ ಕುಡಿಯಲು ಬರಲಿ, ಚಾದ ಜೊತೆಗೆ ನಾನು ಕಾನೂನು ಬಡಿಸುತ್ತೇನೆ ಎಂದುಕೊಂಡೆ. ಬೋರ್ಡಿಲ್ಲ, ಫೀಸಿಲ್ಲ, ಪರೀಕ್ಷೆಯಿಲ್ಲ. ಬಾಡಿಗೆ ಕರಾರು ಓದುವುದು ಹೇಗೆ, ಕೆಲಸದ ಒಪ್ಪಂದದಲ್ಲಿ ಏನು ನೋಡಬೇಕು, ಯಾರಾದರೂ ಸಹಿ ಹಾಕು ಎಂದರೆ ಏನು ಕೇಳಬೇಕು ಇಂಥವೇ ಪಾಠ. ಗಂಡಸರೂ ಬರುತ್ತಿದ್ದರು, ಹೆಂಗಸರೂ. ಹೆಂಗಸರಿಗೆ ಮುಂದಿನ ಕುರ್ಚಿ. ಆ ಅಮೆರಿಕದವನಿಗೆ ಗೊತ್ತಾಗಲಿ ಎಂದು.

ಹಾಗೆ ಬಂದವರಲ್ಲಿ ಒಬ್ಬಳು ಮೈಸೂರಿನವಳು. ಒಂದು ಖಾಸಗಿ ಕ್ಲಿನಿಕ್ಕಿನ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಗಂಡನಿಂದ ಬೇರೆಯಾಗಿ, ಶಾಲೆಗೆ ಹೋಗುವ ಮಗಳನ್ನು ತನ್ನ ವೀಸಾದ ಮೇಲೆಯೇ ಇಲ್ಲಿ ಇಟ್ಟುಕೊಂಡಿದ್ದಳು. ಹೆಣ್ಣು ಎಷ್ಟು ಮೃದು ಎಂದರೆ, ಬಾಗಿಲು ತಟ್ಟಿ "ತೊಂದ್ರೆ ಆಯ್ತೇನೋ" ಎಂದೇ ಒಳಗೆ ಬರುತ್ತಿದ್ದಳು. ಚಾ ಕೊಟ್ಟರೆ "ಅಯ್ಯೋ, ಯಾಕೆ ಮೇಡಂ". ಕುರ್ಚಿ ಎಳೆದರೆ "ಪರವಾಗಿಲ್ಲ ಮೇಡಂ, ನಿಂತೇ ಇರ್ತೀನಿ". ನನಗೆ ಮೈ ಉರಿಯುತ್ತಿತ್ತು.

"ಕೂತ್ಕೊ ಮಾರಾಯ್ತಿ, ಕುರ್ಚಿ ಇರುದೇ ಕೂತ್ಕೊಳ್ಳಿಕ್ಕೆ" ಎಂದು ಗದರಿಸುತ್ತಿದ್ದೆ. ಅವಳು "ಸಾರಿ ಮೇಡಂ" ಎಂದು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.

ಒಂದು ಶನಿವಾರ ಎಲ್ಲರೂ ಹೋದ ಮೇಲೂ ಅವಳು ಹೋಗಲಿಲ್ಲ. ಮಗಳು ನಮ್ಮ ಟೀವಿಯ ಮುಂದೆ ಕೂತಿದ್ದಳು. ಇವಳು ಅಡುಗೆಮನೆಗೆ ಬಂದು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತ, ತನ್ನನ್ನು ಕೆಲಸದಿಂದ ತೆಗೆದಿದ್ದಾರೆ ಎಂದಳು. ಕಾರಣ ಹೀಗೆ. ಕೆಲವು ತಿಂಗಳ ಹಿಂದೆ ಮಗಳಿಗೆ ಜೋರು ಜ್ವರ. ಹಿಂದಿನ ದಿನ ಸಂಜೆಯೇ ಮೇಲ್ವಿಚಾರಕಿಗೆ ಹೇಳಿದ್ದಳು. ಆ ಹೆಂಗಸು ಒಳ್ಳೆಯವಳು, "ಯಲ್ಲಾ, ಹೊರಡು, ಮನೆಗೆ ಹೋಗು, ನಾಳೆ ಬರಬೇಡ, ನಾನು ನೋಡ್ಕೊಳ್ತೇನೆ" ಎಂದಿದ್ದಳು. ಎಲ್ಲವೂ ಬಾಯಿಮಾತು. ಆಮೇಲೆ ಆ ಮೇಲ್ವಿಚಾರಕಿ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋದಳು, ಫೋನಿಗೂ ಸಿಗುತ್ತಿರಲಿಲ್ಲ. ಹೊಸ ಆಡಳಿತ ಬಂತು, ಜನ ಕಡಿಮೆ ಮಾಡಬೇಕಾಯಿತು, ಯಾರನ್ನು ತೆಗೆಯುವುದು ಎಂದು ಹುಡುಕುವಾಗ ಇವಳ ಆ ಒಂದು ದಿನ ಸಿಕ್ಕಿತು. ಸೇವಾ ಪ್ರಮಾಣಪತ್ರದಲ್ಲಿ ಒಂದು ಸಾಲು ಬರೆದರು: ತಿಳಿಸದೆ ಗೈರುಹಾಜರಾದ ಕಾರಣ ಸೇವೆಯಿಂದ ತೆಗೆಯಲಾಗಿದೆ.

"ಅಲ್ ಐನ್‌ನಲ್ಲಿ ಒಂದು ಆಸ್ಪತ್ರೇಲಿ ಕೆಲಸ ಸಿಕ್ಕಿತ್ತು ಮೇಡಂ. ಆ ಸಾಲು ನೋಡಿ ನಿಲ್ಸಿಬಿಟ್ರು. ಅದನ್ನ ತೆಗೆಸ್ಕೊಂಡು ಬಂದ್ರೆ ತಗೋತೀವಿ, ಸ್ವಲ್ಪ ದಿನ ಜಾಗ ಖಾಲಿ ಇಟ್ಟಿರ್ತೀವಿ ಅಂದಿದಾರೆ. ಇಲ್ಲಾಂದ್ರೆ ವೀಸಾ ಮುಗಿಯುತ್ತೆ, ನಾವಿಬ್ರೂ ಊರಿಗೆ ಹೋಗ್ಬೇಕು. ಅವಳ ಶಾಲೆ ಅರ್ಧಕ್ಕೆ ನಿಲ್ಲುತ್ತೆ." ಅವಳು ನಲ್ಲಿ ನಿಲ್ಲಿಸಿದಳು. "ಅಲ್ಲಿ ಹೋದ್ರೆ ಮಗೂನ ಅವಳಪ್ಪನ ಮನೆಯವರು ಕೇಳ್ತಾರೆ ಮೇಡಂ. ನನಗೆ ಅಲ್ಲಿ ಕೆಲ್ಸಾನೂ ಇಲ್ಲ, ಮನೇನೂ ಇಲ್ಲ."

ಒಂದೇ ಒಂದು ಸಾಲು. ಅದು ಅಳಿದರೆ ತಾಯಿ ಮಗಳು ಇದೇ ದೇಶದ ಅಲ್ ಐನ್ ಊರಿಗೆ, ಉಳಿದರೆ ವಿಮಾನ ನಿಲ್ದಾಣಕ್ಕೆ. ನಾನೇ ಕೋಟು ಹಾಕಿಕೊಂಡು ಹೋಗಿ ಆ ಕ್ಲಿನಿಕ್ಕಿನವರನ್ನು ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸಬೇಕು ಅನ್ನಿಸಿತು. ಆದರೆ ಆ ಕ್ಲಿನಿಕ್ಕು ಇದ್ದದ್ದು ತನ್ನದೇ ನ್ಯಾಯಾಲಯವಿರುವ ಒಂದು ವ್ಯವಹಾರ ವಲಯದಲ್ಲಿ. ಅಲ್ಲಿ ಸಣ್ಣ ವ್ಯಾಜ್ಯಗಳು ಇಂಗ್ಲಿಷಿನಲ್ಲಿ, ಹೆಚ್ಚಾಗಿ ವೀಡಿಯೋದಲ್ಲಿ ನಡೆಯುತ್ತವೆ. ವಕೀಲರು ಸಾಮಾನ್ಯವಾಗಿ ಬೇಡ, ಪಾರ್ಟಿಯೇ ಮಾತಾಡಬೇಕು. ಜಗತ್ತಿನಲ್ಲಿ ಮಾತಾಡಲು ಬಾರದ ಒಬ್ಬ ಹೆಂಗಸು ಇದ್ದರೆ ಅವಳು ನನ್ನ ಅಡುಗೆಮನೆಯಲ್ಲಿ ನಿಂತಿದ್ದಳು, ಮಾತಾಡಬೇಕಾದವಳು ಅವಳೇ.

"ನಾನು ಕಲಿಸ್ತೇನೆ" ಎಂದೆ. "ಆ ಸಾಲು ತೆಗೆಸಿಯೇ ಸಿದ್ಧ. ಹೆದರ್ಬೇಡ."

ಅರ್ಜಿ ಹಾಕಿದೆವು. ಆ ಹೊತ್ತಿಗೆ ನನ್ನದೂ ಒಂದು ತಾಪತ್ರಯ ಎದ್ದಿತ್ತು. ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು, ತೆಗೆಸಲೇಬೇಕು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅವಳ ಕೇಸಿನ ಮೊದಲ ವಾಯಿದೆ ಬಂದದ್ದು ಅದರ ಹಿಂದಿನ ದಿನ. ನಾನು ಒಂದು ಚೂರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಕಡೆಯ ಕೋರ್ಟುಗಳಲ್ಲಿ ಮೊದಲ ವಾಯಿದೆ ಎಂದರೆ ಮುಖ ತೋರಿಸಿ ಬರುವುದು. ಜೂನಿಯರ್ ಎದ್ದು ನಿಂತು "ಸಮಯ ಬೇಕು ಸ್ವಾಮಿ" ಅನ್ನಬೇಕು, ಮುಂದಿನ ತಾರೀಕು ಬೀಳಬೇಕು, ಹೊರಗೆ ಬಂದು ಚಾ ಕುಡಿಯಬೇಕು. ನಾನು ಕಪ್ಪು ಕೋಟಿನಲ್ಲಿ ಕಲಿತ ಮೊದಲ ವಾಕ್ಯವೇ ಅದು.

"ಮೊದಲ ದಿನ ಎಂತದೂ ಆಗುದಿಲ್ಲ" ಎಂದು ಅವಳಿಗೆ ಧೈರ್ಯ ಹೇಳಿದೆ. "ಹೆಸರು ಹೇಳು, ನಮಸ್ಕಾರ ಹೇಳು, ಸಮಯ ಬೇಕು ಅಂತ ಹೇಳು. ಖಲಾಸ್. ನಾನು ಆಸ್ಪತ್ರೆಯಿಂದ ಬಂದ ಮೇಲೆ ಆರಾಮಲ್ಲಿ ತಯಾರಿ ಮಾಡುವ."

ಅವಳು ಹಾಗೆಯೇ ಮಾಡಿದಳು. ಸಂಜೆ ಫೋನ್ ಮಾಡಿದಾಗ ದನಿ ಇಷ್ಟೇ ಇತ್ತು.

"ಮೇಡಂ, ಸಮಯ ಬೇಕು ಅಂದೆ. ಆ ಕಡೆಯಿಂದ ಅವರ ಮ್ಯಾನೇಜರು ಬಂದಿದ್ರು, ಬೆಂಗಳೂರಿನವರು. ಅವರೂ ಸಮಯ ಬೇಕು ಅಂದ್ರು."

"ಮತ್ತೆ? ಒಳ್ಳೇದೇ ಆಯ್ತಲ್ಲ!"

"ಜಡ್ಜು ಇಬ್ಬರನ್ನೂ ನೋಡಿದ್ರು. ಯಾಕೆ ಅಂತ ಕೇಳಿದ್ರು ಮೇಡಂ. ಯಾಕೆ ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತ ನೀವು ಹೇಳ್ಕೊಟ್ಟಿರ್ಲಿಲ್ಲ. ಅವರಿಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ ಅನ್ಸುತ್ತೆ. ಇಬ್ರೂ ಸುಮ್ನಿದ್ವಿ. ರಾಜಿ ಆಗ್ತೀರಾ ಅಂತ ಕೇಳಿದ್ರು, ಅವರು ಇಲ್ಲ ಅಂದ್ರು. ಹಾಗಾದ್ರೆ ಮುಂದಿನ ವಾರ ಇದೇ ದಿನ ಪೂರ್ತಿ ವಿಚಾರಣೆ, ಅವತ್ತೇ ಮುಗಿಸ್ತೀನಿ ಅಂದ್ರು."

ಮುಂದಿನ ವಾರ! ನಮ್ಮೂರಿನಲ್ಲಿ ಮುಂದಿನ ವಾರ ಎಂದರೆ ಸಮನ್ಸು ಟಪಾಲಿಗೂ ಹೋಗಿರುವುದಿಲ್ಲ. ಇಲ್ಲಿ ಇಷ್ಟು ವರ್ಷ ಕರಡು ಬರೆದದ್ದೇ ಬಂತು, ಕೋರ್ಟು ಎಷ್ಟು ವೇಗದಲ್ಲಿ ಓಡುತ್ತದೆ ಎಂದು ನಾನು ಕಣ್ಣೆತ್ತಿ ನೋಡಿರಲಿಲ್ಲ. ನನಗೆ ನಾನೇ ನಾಲ್ಕು ಬಾರಿಸಿಕೊಳ್ಳಬೇಕು ಅನ್ನಿಸಿತು. ಮರುದಿನ ಬೆಳಿಗ್ಗೆ ಹೋಗಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದೆ. ಎರಡು ದಿನದಲ್ಲಿ ಎದ್ದು ಕೂರುತ್ತೇನೆ, ಉಳಿದ ದಿನ ಅವಳಿಗೆ ಹಗಲೆಲ್ಲ ಪಾಠ ಎಂದು ಲೆಕ್ಕ ಹಾಕುತ್ತಲೇ ಅರಿವಳಿಕೆಯ ಮತ್ತು ಹತ್ತಿತು.

ಎಚ್ಚರವಾದಾಗ ನೀರು ಕೇಳಿದೆ. ನರ್ಸ್ ತಿರುಗಿ ನೋಡಲಿಲ್ಲ. ಮತ್ತೆ ಕೇಳಿದೆ. ಆಗ ಗೊತ್ತಾಯಿತು, ನನ್ನ ಬಾಯಿಂದ ಗಾಳಿ ಮಾತ್ರ ಬರುತ್ತಿದೆ. ಗಂಟು ದನಿಯ ನರಕ್ಕೆ ಅಂಟಿಕೊಂಡಿರಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. "ದನಿ ಮರಳಬಹುದು, ಮರಳದೆಯೂ ಇರಬಹುದು. ಕಾಯಬೇಕು. ಗಟ್ಟಿಯಾಗಿ ಮಾತಾಡಲು ಹೋಗಬೇಡಿ" ಎಂದರು. ನನ್ನವರು ಪಕ್ಕದಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ನನ್ನ ಗಂಟಲಿಗೆ ಶಾಪ ಹಾಕಿದವರು ಅವರೇ. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅಳುವುದಕ್ಕೂ ದನಿ ಇಲ್ಲದಿದ್ದರೆ ಅಳು ಮುಗಿಯುವುದೇ ಇಲ್ಲ.

ಆಪರೇಷನ್ನಿನ ಮರುದಿನವೇ ಮನೆಗೆ ಕಳಿಸಿದರು. ಆ ದಿನವೇ ಅವಳು ಮಗಳನ್ನು ಕರೆದುಕೊಂಡು ನೋಡಲು ಬಂದಳು. ನನ್ನ ಕುತ್ತಿಗೆಯ ಪಟ್ಟಿ ನೋಡಿದಳು, ನನ್ನ ಪಿಸುಮಾತು ಕೇಳಿದಳು, ಮುಖ ಸಪ್ಪೆಯಾಯಿತು.

"ಬಿಟ್ಬಿಡಿ ಮೇಡಂ. ನಿಮ್ಮ ಆರೋಗ್ಯಕ್ಕಿಂತ ಹೆಚ್ಚಾ? ನಾವು ಹೋಗ್ತೀವಿ ಊರಿಗೆ. ಹೇಗೋ ಆಗುತ್ತೆ."

ಆ 'ಹೇಗೋ ಆಗುತ್ತೆ' ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮಗಳು ಸೋಫಾದ ಮೇಲೆ ಕೂತು ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಬಣ್ಣ ಹಚ್ಚುತ್ತಿದ್ದಳು. ಅದನ್ನು ಮುಗಿಸುವ ಹೊತ್ತಿಗೆ ತಾನು ಈ ದೇಶದಲ್ಲಿ ಇರುತ್ತೇನೋ ಇಲ್ಲವೋ ಮಗುವಿಗೆ ಗೊತ್ತಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಅಮೆರಿಕದ ವಕೀಲ. ಅವನಿಗೂ ದನಿ ಕುಸಿದು ಪಿಸುಮಾತಷ್ಟೇ ಉಳಿದಿತ್ತಂತೆ. ಆದರೂ ಪಾಠ ನಿಲ್ಲಿಸಲಿಲ್ಲ. ಕೋಣೆಯ ತುಂಬ ಹುಡುಗರು ಉಸಿರು ಬಿಗಿಹಿಡಿದು ಕೇಳಿ ಬರೆದುಕೊಳ್ಳುತ್ತಿದ್ದರಂತೆ. ಓದುವಾಗ ಇದೇನು ಮಹಾ ಅಂದುಕೊಂಡಿದ್ದೆ. ಈಗ ಹಟ ಬಂತು. ಹೆಂಗಸರನ್ನು ಒಳಗೆ ಬಿಡದವನು ಮಾಡಿದ್ದನ್ನು ನಾನು ಮಾಡಲಾರೆನೇ?

ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಹತ್ತಿರ ಬಾ. ಇನ್ನೂ ಹತ್ತಿರ. ಕೇಳ್ತದಾ? ಊರಿಗೆ ಹೋಗುದು ಅಂತ ಇನ್ನೊಮ್ಮೆ ಬಾಯಿ ಬಿಟ್ರೆ ಜಾಗ್ರತೆ. ನಾಳೆ ಬೆಳಿಗ್ಗೆ ಬಾ."

ಊಟದ ಮೇಜೇ ನಮ್ಮ ಕೋರ್ಟಾಯಿತು. ನಾನು ಜಡ್ಜು, ಅವಳು ಅರ್ಜಿದಾರಳು, ರಜೆ ಹಾಕಿದ ನನ್ನವರು ಕ್ಲಿನಿಕ್ಕಿನ ಮ್ಯಾನೇಜರು. ಇಡೀ ಜೀವನ ಆಡಳಿತ ವಿಭಾಗದಲ್ಲಿ ಕೂತವರು, ನುಣುಚಿಕೊಳ್ಳುವುದು ಅವರಿಗೆ ನೀರು ಕುಡಿದಂತೆ. ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡು ಬಂದು ಕೂತರು. ನನಗೆ ದನಿ ಇಲ್ಲವಲ್ಲ, ಕೈಯಲ್ಲಿ ಒಂದು ಸ್ಟೀಲಿನ ಸೌಟು. ತಪ್ಪಿದರೆ ಮೇಜಿಗೆ ಒಂದು ಏಟು.

ಅವಳ ಬಳಿ ಒಳ್ಳೆಯ ವಿಷಯವಿತ್ತು, ಅದನ್ನು ಅವಳೇ ಮೊದಲ ದಿನ ಹೇಳಿದಳು. ತಾನು ಬಾರದ ಆ ಬೆಳಿಗ್ಗೆ ಪ್ರಯೋಗಾಲಯ ಮುಚ್ಚಿರಲಿಲ್ಲ. ವಾರದ ರಜೆಯಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳನ್ನು ಕರೆಸಿದ್ದರು. ಮೇಲ್ವಿಚಾರಕಿ ತನಗೆ ಹಿಂದಿನ ದಿನ ಸಂಜೆಯೇ ಫೋನ್ ಮಾಡಿದ್ದಳು ಎಂದು ಆ ಹುಡುಗಿಯೇ ಆಮೇಲೆ ಇವಳಿಗೆ ಹೇಳಿದ್ದಳು. ಹಿಂದಿನ ದಿನವೇ ಬದಲಿ ಜನ ಕರೆದಿದ್ದಾರೆ ಎಂದರೆ ಇವಳು ಬರುವುದಿಲ್ಲ ಎಂದು ಅವರಿಗೆ ಹಿಂದಿನ ದಿನವೇ ಗೊತ್ತಿತ್ತು. ಅಷ್ಟೇ ಕೇಸು. ಆ ಹುಡುಗಿ ಇನ್ನೂ ಅಲ್ಲೇ ಕೆಲಸದಲ್ಲಿರುವವಳು, ಸಾಕ್ಷಿ ಹೇಳು ಎಂದು ಅವಳನ್ನು ಎಳೆಯುವುದು ಬೇಡ ಎಂದಳು ಇವಳು. ಸರಿ, ಹಾಗಾದರೆ ಆ ಮಾತು ಮ್ಯಾನೇಜರ ಬಾಯಿಂದಲೇ ಬರಬೇಕು. ಆಸಾಮಿ ಮಾತಿನಲ್ಲಿ ಜಾಣನಿರಬಹುದು, ಆದರೆ ಜಡ್ಜರ ಎದುರು ಹಸಿಸುಳ್ಳು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಪ್ರಶ್ನೆ ಕೇಳಬೇಕು, ಬಾಯಿ ಮುಚ್ಚಿ ಕಾಯಬೇಕು.

"ಕೇಳು" ಎಂದೆ.

"ಸರ್, ಅವತ್ತು ನನ್ನ ಬದಲು ಯಾರು ಕೆಲ್ಸ ಮಾಡಿದ್ರು?" ಎಂದು ಕೇಳಿದಳು. ನನ್ನವರು ಉತ್ತರ ಕೊಡದೆ ಕನ್ನಡಕ ತೆಗೆದು ಒರೆಸತೊಡಗಿದರು. ಎರಡು ಉಸಿರು ಎಳೆಯುವಷ್ಟು ಹೊತ್ತೂ ಆಗಿರಲಿಲ್ಲ, ಇವಳು ಶುರುಮಾಡಿದಳು: "ನಿಮಗೆ ಗೊತ್ತಿಲ್ದೇನೂ ಇರ್ಬೋದು ಬಿಡಿ ಸರ್. ನೀವು ಹೊಸಬರು. ಅಷ್ಟು ಜನ ಇರ್ತಾರೆ, ನೆನಪಿರಲ್ಲ."

"ಹೌದು ಹೌದು, ನಂಗೆ ನೆನಪಿಲ್ಲ" ಎಂದರು ನನ್ನವರು, ಖುಷಿಯಾಗಿ.

ಟಣ್ ಎಂದು ಸೌಟು ಬಡಿದೆ. "ಅವನ ಉತ್ತರ ನೀನ್ಯಾಕೆ ಕೊಡುದು?"

"ಪಾಪ, ಮುಜುಗರ ಆಗಿತ್ತಲ್ಲ ಮೇಡಂ ಅವರಿಗೆ."

ಕೇಳಿ ಮಾತು! ತನ್ನ ಮಗಳನ್ನು ಬೀದಿಗೆ ತಂದವನಿಗೆ ಮುಜುಗರವಾಗಬಾರದಂತೆ. ಇದು ಅವಳೊಬ್ಬಳ ರೋಗವೂ ಅಲ್ಲ. ನಮ್ಮವರು ಯಾರಾದರೂ ಸರಿ, ಎದುರಿಗಿರುವವರು ಉತ್ತರಕ್ಕೆ ತಡವರಿಸಿದರೆ ನಾವೇ ಕೈಗೊಂದು ಉತ್ತರ ಕೊಟ್ಟು ದಾಟಿಸುತ್ತೇವೆ. ಅದು ನಮ್ಮ ಮರ್ಯಾದೆ. ಮನೆಗೆ ಬಂದವರು ಊಟ ಮಾಡಿದ್ದೀರಾ ಎಂಬ ಪ್ರಶ್ನೆಗೆ ತಡೆದರೂ ಸಾಕು, "ಆಗಿರ್ಬೇಕು ಅಲ್ವಾ" ಎಂದು ನಾವೇ ಮುಗಿಸುತ್ತೇವೆ. ಕೋರ್ಟಿನಲ್ಲಿ ಆ ಮರ್ಯಾದೆ ಕುತ್ತಿಗೆಗೆ ಬರುತ್ತದೆ. ನಾನು ದನಿಯಿದ್ದಾಗ ಮೌನದ ಗೊಡವೆಗೇ ಹೋದವಳಲ್ಲ, ಸಾಕ್ಷಿಯನ್ನು ಕೂಗಿಯೇ ಹಣ್ಣು ಮಾಡುತ್ತಿದ್ದೆ. ಇವಳಿಗೆ ಕೂಗು ಬಾರದು. ಕಲಿಸಲು ಉಳಿದದ್ದು ಸುಮ್ಮನಿರುವುದೊಂದೇ.

ನಾಲ್ಕು ದಿನ ಅದೇ ಪಾಠ. ಕೇಳು, ತುಟಿ ಮುಚ್ಚು. ಕೇಳು, ತುಟಿ ಮುಚ್ಚು. ಬೆಳಿಗ್ಗೆ ಬಂದರೆ ಮಗಳನ್ನು ಶಾಲೆಯಿಂದ ಕರೆತರುವ ಹೊತ್ತಿನವರೆಗೂ. ನನ್ನವರು ಸೀನಿದರು, ಕೆಮ್ಮಿದರು, ಸೂರು ನೋಡಿದರು, ಒಮ್ಮೆ "ಅಯ್ಯೋ ಎದೆ ನೋವು" ಎಂದು ನಾಟಕವನ್ನೂ ಮಾಡಿದರು. ಇವಳು ನೀರು ತರಲು ಎದ್ದಳು. ಟಣ್! ಮೂರನೆಯ ದಿನ ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

"ನನ್ ಕೈಲಿ ಆಗಲ್ಲ ಮೇಡಂ. ನಮ್ಮಮ್ಮ ನನ್ನನ್ನ ಬೆಳೆಸಿರೋದೇ ಹೀಗೆ."

ನಾನು ಸೌಟು ಬದಿಗಿಟ್ಟೆ. ಅವಳ ಕಿವಿಯ ಹತ್ತಿರ ಬಾಗಿದೆ. "ನಿನ್ನಮ್ಮ ಒಳ್ಳೇದೇ ಬೆಳೆಸಿದ್ದಾರೆ. ಆ ಒಳ್ಳೇತನ ಹೊರಗೆ ಬಂದ ಮೇಲೆ ತಗೊ, ಇಡೀ ದುಬೈಗೆ ಹಂಚು. ಆ ಒಂದು ಗಂಟೆ ಮಾತ್ರ ನಿನ್ನ ಮಗಳ ಮುಖ ನೆನಪಿಟ್ಕೊ. ಅವನಿಗೆ ಮುಜುಗರ ಆದ್ರೆ ಆಗ್ಲಿ, ಸಾಯುದಿಲ್ಲ."

ವಿಚಾರಣೆಯ ದಿನ ಅವಳು ನಮ್ಮ ಮನೆಗೇ ಬಂದಳು. ಅವಳಿದ್ದ ಮನೆಯಲ್ಲಿ ಮೂರು ಸಂಸಾರ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ನಾನು ಮೇಜಿನ ಪಕ್ಕದ ಬದಿಯಲ್ಲಿ, ಪರದೆ ಕಾಣುವ ಹಾಗೆ, ಆದರೆ ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ ಕೂತೆ. ಸೌಟನ್ನು ನಾನೇ ಒಳಗಿಟ್ಟು ಬಂದೆ. ಸಹಾಯ ಮಾಡುವಂತಿಲ್ಲ, ಸನ್ನೆಯೂ ಕೂಡದು. ಕಾನೂನು ಕಲಿಸುವವಳು ಅಷ್ಟಾದರೂ ಪಾಲಿಸಬೇಡವೇ?

ನಡೆದದ್ದೆಲ್ಲ ಇಂಗ್ಲಿಷಿನಲ್ಲಿ, ನನ್ನ ಕನ್ನಡದಲ್ಲಿ ಹೇಳುತ್ತೇನೆ. ಜಡ್ಜು ಮೊದಲು ಕೇಳಿದ್ದು, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು.

"ಇದ್ದಾರೆ ಸರ್. ನನ್ನ ಟೀಚರ್."

"ಅವರು ಮಾತಾಡಬಾರದು ಎಂದು ತಿಳಿಸಿ."

"ಅವರಿಗೆ ಮಾತಾಡಲು ಆಗುವುದಿಲ್ಲ ಸರ್."

ಜಡ್ಜು ಸರಿ ಎಂದರು. ನನಗೆ ನಗು ಬಂತು, ಅದಕ್ಕೂ ದನಿಯಿರಲಿಲ್ಲ.

ಬೆಂಗಳೂರಿನ ಮ್ಯಾನೇಜರದು ಬೆಣ್ಣೆಯಂಥ ಇಂಗ್ಲಿಷು. ಸಂಸ್ಥೆಯ ಶಿಸ್ತು, ರೋಗಿಗಳ ಸುರಕ್ಷತೆ, ತಿಳಿಸದೆ ಬಾರದಿದ್ದರೆ ಆಗುವ ಅನಾಹುತ ಎಂದು ಸೊಗಸಾಗಿ ಹೇಳಿದ. ಕೇಳುತ್ತ ಕೇಳುತ್ತ ನನಗೇ ಅವನು ಹೇಳುವುದು ನಿಜವಿರಬಹುದು ಅನ್ನಿಸಿಬಿಟ್ಟಿತು. ಇವಳು ತನ್ನ ಕಥೆಯನ್ನು ಸರಳವಾಗಿ ಹೇಳಿದಳು. ಆಮೇಲೆ ಜಡ್ಜು, ಅವರಿಗೆ ಏನಾದರೂ ಪ್ರಶ್ನೆ ಕೇಳುವುದಿದೆಯೇ ಎಂದರು.

"ಇದೆ ಸರ್" ಎಂದು ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ನೆಟ್ಟಗೆ ಕೂತಳು. "ಅವತ್ತು ಬೆಳಿಗ್ಗೆ ಪ್ರಯೋಗಾಲಯದ ಕೆಲಸ ನಿಂತಿತ್ತೆ?"

"ಇಲ್ಲ. ನಮ್ಮ ಸಂಸ್ಥೆಯಲ್ಲಿ ಕೆಲಸ ನಿಲ್ಲುವುದಿಲ್ಲ."

"ನನ್ನ ಕೆಲಸವನ್ನು ಯಾರು ಮಾಡಿದರು?"

ಮ್ಯಾನೇಜರು ಉತ್ತರಿಸಲಿಲ್ಲ. ಪಕ್ಕದ ಕಾಗದಗಳನ್ನು ತಿರುವಿದ. ಪರದೆಯ ಮೇಲೆ ಮೂರು ಮುಖಗಳು, ಒಂದೂ ಅಲ್ಲಾಡದೆ. ಇವಳ ತುಟಿ ಅಲುಗಿತು. ಬಂತು, 'ಬಿಡಿ ಸರ್' ಬಂತು, ನಾಲಗೆಯ ತುದಿಗೆ ಬಂದು ಕೂತಿದೆ ಎಂದು ನನಗೆ ಕಾಣುತ್ತಿತ್ತು. ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಕೆಳಗೆ ಹಾಕಿದೆ, ನೋಡಿದರೆ ಸನ್ನೆಯಾಗುತ್ತದೆ ಎಂದು.

ಅವಳು ಸುಮ್ಮನಿದ್ದಳು. ಹೊರಗೆ ಯಾರದೋ ಕಾರಿನ ಹಾರ್ನು ಕೇಳಿತು. ಆಗಲೂ ಸುಮ್ಮನಿದ್ದಳು.

ಕೊನೆಗೆ ಅವನೇ ಆ ಫಿಲಿಪ್ಪೀನ್ಸಿನ ಹುಡುಗಿಯ ಹೆಸರು ಹೇಳಿದ.

"ಅವತ್ತು ಅವರ ವಾರದ ರಜೆಯಾಗಿತ್ತು. ಅವರಿಗೆ ಬರಲು ಹೇಳಿದ್ದು ಯಾವಾಗ?"

ಮತ್ತೆ ಮೌನ. ಈ ಸಲ ಅವಳ ತುಟಿ ಅಲುಗಲಿಲ್ಲ. ಜಡ್ಜು ಕನ್ನಡಕದ ಮೇಲಿಂದ ನೋಡಿ, ಪ್ರಶ್ನೆಗೆ ಉತ್ತರಿಸಿ ಎಂದರು.

"ನನಗೆ ತಿಳಿದ ಮಟ್ಟಿಗೆ... ಹಿಂದಿನ ಸಂಜೆ."

"ಹಿಂದಿನ ಸಂಜೆ?" ಎಂದರು ಜಡ್ಜು. "ಹೇಳಿದವರು ಯಾರು?"

"ಆ ಕಾಲದ ಮೇಲ್ವಿಚಾರಕಿ. ಸರ್, ಇದನ್ನು ಪರಿಶೀಲಿಸಲು ನಮಗೆ ಸ್ವಲ್ಪ ಸಮಯ ಬೇಕು."

"ಬೇಡ" ಎಂದರು ಜಡ್ಜು. "ನನಗೆ ಬೇಕಾದದ್ದು ಸಿಕ್ಕಿತು." ಆದೇಶವನ್ನು ಬರಹದಲ್ಲಿ ಕಳಿಸುವುದಾಗಿ ಹೇಳಿ ಮುಗಿಸಿದರು.

ಪರದೆ ಕಪ್ಪಾದದ್ದೇ ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, "ಅವರಿಗೆ ತುಂಬಾ ಕಷ್ಟ ಆಯ್ತು ಅಲ್ವಾ ಮೇಡಂ, ಪಾಪ" ಎಂದಳು. ನಾನು ತಲೆ ಚಚ್ಚಿಕೊಂಡೆ. ಆಮೇಲೆ ಎದ್ದು ಹೋಗಿ ಅವಳನ್ನು ತಬ್ಬಿಕೊಂಡೆ. ಅವಳ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

ಆದೇಶಕ್ಕಾಗಿ ಕಾದ ದಿನಗಳು ಕೆಟ್ಟವು. ಜಡ್ಜು ತಲೆಯಾಡಿಸಿದ ಕೇಸುಗಳನ್ನು ಸೋತವಳು ನಾನು, ಹಾಗಾಗಿ ಅವಳಿಗೆ ಗೆದ್ದೆ ಎಂದು ಹೇಳಲಿಲ್ಲ. ಅವಳು ಸೂಟ್‌ಕೇಸು ಕೆಳಗಿಳಿಸಿ ಮಗಳ ಬಟ್ಟೆ ತುಂಬತೊಡಗಿದ್ದಾಳೆ ಎಂದು ಗೊತ್ತಾದಾಗಲೂ ಬೈಯಲಿಲ್ಲ. ಶನಿವಾರದ ಪಾಠವನ್ನು ಮಾತ್ರ ನಿಲ್ಲಿಸಲಿಲ್ಲ. ಎಲ್ಲರೂ ಕುರ್ಚಿಗಳನ್ನು ನನ್ನ ಸುತ್ತ ಹತ್ತಿರ ಎಳೆದುಕೊಂಡು ಕೂತರು. ನಾನು ಪಿಸುಗುಟ್ಟಿದ್ದನ್ನು ಬರೆದುಕೊಂಡರು. ಅವಳು ಬಂದಿರಲಿಲ್ಲ.

ಅವಳ ಫೋನ್ ಬಂದದ್ದು ಒಂದು ಮಧ್ಯಾಹ್ನ. ನಾನು ಎತ್ತಿಕೊಂಡೆ.

"ಮೇಡಂ, ಬಂತು. ಆದೇಶ ಬಂತು. ಆ ಸಾಲು ತೆಗೀಬೇಕಂತೆ. ಹೊಸ ಪ್ರಮಾಣಪತ್ರ ಕೊಡ್ಬೇಕಂತೆ. ಅಲ್ ಐನ್‌ನವರಿಗೆ ಹೇಳ್ದೆ, ಬನ್ನಿ ಅಂದ್ರು ಮೇಡಂ, ಬನ್ನಿ ಅಂದ್ರು!"

ನಾನು ಕೂಗಿದೆ. ಭೇಷ್ ಎಂದೆ, ಗೆದ್ದುಬಿಟ್ಟೆಯಲ್ಲ ಮಾರಾಯ್ತಿ ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಗಂಟಲಿನಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಗಾಳಿಯಷ್ಟೇ ಹೋಯಿತು. ಫೋನಿನಲ್ಲಿ ಆ ಕಡೆ ಅವಳು "ಹಲೋ? ಮೇಡಂ? ಇದೀರಾ?" ಎಂದು ಕೇಳುತ್ತಲೇ ಇದ್ದಳು.

ನನ್ನವರು ಓಡಿ ಬಂದು ಫೋನ್ ಕಸಿದುಕೊಂಡರು. "ಇದ್ದಾಳೆ, ಇದ್ದಾಳೆ ಮಾರಾಯ್ತಿ! ಕುಣೀತಿದ್ದಾಳೆ ಇಲ್ಲಿ!" ಎಂದು ನನ್ನ ಪಾಲಿನದನ್ನೂ ಸೇರಿಸಿ ಬೊಬ್ಬೆ ಹೊಡೆದು, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆ ಇಟ್ಟರು.

ಆ ಕಡೆ ಮಗುವಿನ ದನಿ ಕೇಳಿತು. "ಮಮ್ಮಾ, ಸೋ ವಿ ಆರ್ ನಾಟ್ ಗೋಯಿಂಗ್?"

"ಇಲ್ಲ ಕಂದ. ಅಲ್ ಐನ್‌ಗೆ ಹೋಗ್ತೀವಿ, ಅಷ್ಟೇ. ಇಬ್ರೂ ಒಟ್ಟಿಗೆ."

"ಪ್ರಾಮಿಸ್?"

"ಪ್ರಾಮಿಸ್."

ಆಮೇಲೆ ಮಗು ಮತ್ತೆ ಅದನ್ನೇ ಕೇಳಿತು, ಈ ಸಲ ಕನ್ನಡದಲ್ಲಿ. "ಅಮ್ಮ, ನಾವು ಹೋಗಲ್ಲ ಅಲ್ವಾ?"

ಅವಳು ಮತ್ತೆ ಹೇಳಿದಳು. ಮಗು ಮತ್ತೆ ಕೇಳಿತು. ನಾವು ಗಂಡ ಹೆಂಡತಿ ಮೇಜಿನ ಎರಡು ಬದಿಗೆ ಕೂತು, ಆ ಫೋನನ್ನು ಇಡದೆ, ಅವಳು ಎಷ್ಟು ಸಲ ಹೇಳಿದಳೋ ಅಷ್ಟೂ ಸಲ ಕೇಳಿದೆವು.